‘ನೆಟ್ ಬರ್ತಿಲ್ಲ’: ಲಿನಕ್ಸ್‌ನಲ್ಲಿ ಎಲ್ಲಿಂದ ಹುಡುಕಲು ಶುರು ಮಾಡಬೇಕು?

‘ನೆಟ್ ಬರ್ತಿಲ್ಲ’ ಎಂಬ ಮಾತಿಗೆ ಕಡಿಮೆಯೆಂದರೂ ಆರು ಅರ್ಥಗಳಿವೆ. ಕೇಬಲ್ ಸಡಿಲವಾಗಿರಬಹುದು. ವೈಫೈ ಸಿಕ್ಕಿದ್ದರೂ ಐಪಿ ವಿಳಾಸ ಸಿಗದೇ ಇರಬಹುದು. ವಿಳಾಸ ಸಿಕ್ಕಿದ್ದರೂ ಹೊರಗೆ ಹೋಗುವ ದಾರಿ ಕಂಪ್ಯೂಟರಿಗೆ ಗೊತ್ತಿಲ್ಲದಿರಬಹುದು. ದಾರಿ ಗೊತ್ತಿದ್ದರೂ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು. ಎಲ್ಲ ಸರಿಯಿದ್ದು ಆಚೆಯ ಸರ್ವರೇ ಮಲಗಿರಬಹುದು. ಇಲ್ಲವೇ ನಿಮ್ಮ ಕಂಪ್ಯೂಟರಿನ ಗಡಿಯಾರ ತಪ್ಪು ಹೊತ್ತು ತೋರಿಸುತ್ತಿರಬಹುದು. ಆರಕ್ಕೂ ಬ್ರೌಸರ್ ತೋರಿಸುವ ಮುಖ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಾವೆಲ್ಲ ಮಾಡುವುದು ಒಂದೇ ಕೆಲಸ: ರೌಟರ್ ಆಫ್ ಮಾಡಿ ಆನ್ ಮಾಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಲಿನಕ್ಸ್‌ನಲ್ಲಿ ಈ ಆರನ್ನೂ ಬೇರೆಬೇರೆಯಾಗಿ ಕೇಳಿ ತಿಳಿಯುವ ಸಾಧನಗಳಿವೆ. ಬಹುಪಾಲು ಈಗಾಗಲೇ ನಿಮ್ಮ ಯಂತ್ರದಲ್ಲೇ ಇವೆ. ಕಮಾಂಡ್‌ಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಯಾವುದನ್ನು ಯಾವುದರ ನಂತರ ಕೇಳಬೇಕು ಎಂಬುದು ಸಿಗುವುದಿಲ್ಲ. ನನ್ನ ಕ್ರಮ ಸರಳ: ನಿಮ್ಮ ಯಂತ್ರದಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಹೊರಗೆ ಹೋಗಿ, ಎಲ್ಲಿಯವರೆಗೆ ತಲುಪಿದಿರಿ ಎಂದು ನೋಡುತ್ತಾ ಬನ್ನಿ. ಒಂದು ಹೆಜ್ಜೆ ಸರಿಯಿದೆ ಎಂದು ಖಾತ್ರಿಯಾಗುವ ಮೊದಲು ಮುಂದಿನದಕ್ಕೆ ಹಾರಬೇಡಿ.

ಓದುವ ಮುಂಚೆ ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಿದ್ದಲ್ಲಿ ಹೇಳುತ್ತೇನೆ. ‘ಎಸ್‌ಎಸ್’ ಎಂದರೆ ಎರಡೇ ಅಕ್ಷರ, ‘-ಸಿ’ ಎಂದರೆ ಅಡ್ಡಗೆರೆ ಮತ್ತು ಸಿ. ಸಂದೇಹ ಬಂದರೆ ‘ಮ್ಯಾನ್’ ಎಂದು ಬರೆದು ಪಕ್ಕದಲ್ಲಿ ಕಮಾಂಡ್ ಹೆಸರು ಕೊಡಿ, ಪೂರ್ತಿ ಕೈಪಿಡಿ ತೆರೆಯುತ್ತದೆ. ಹೊರಬರಲು ಕ್ಯೂ ಒತ್ತಿ. ಇಲ್ಲಿರುವ ಹೆಚ್ಚಿನ ಕಮಾಂಡ್‌ಗಳು ನೋಡುವ ಕೆಲಸ ಮಾತ್ರ ಮಾಡುತ್ತವೆ, ಏನನ್ನೂ ಕೆಡಿಸುವುದಿಲ್ಲ. ‘ಸುಡೊ’ (ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂದರ್ಥ) ಇದ್ದಲ್ಲಿ ಮಾತ್ರ ಎಂಟರ್ ಒತ್ತುವ ಮುಂಚೆ ಸಾಲನ್ನು ಇನ್ನೊಮ್ಮೆ ಓದಿ.

ಮೊದಲ ಹೆಜ್ಜೆ: ನನ್ನ ಯಂತ್ರಕ್ಕೆ ವಿಳಾಸ ಇದೆಯೇ?

‘ಐಪಿ -ಬಿಆರ್ ಎ’ ಎಂದು ಬರೆಯಿರಿ. ಒಂದೊಂದು ಇಂಟರ್‌ಫೇಸ್‌ಗೂ, ಅಂದರೆ ಜಾಲಕ್ಕೆ ಕೂಡುವ ಕೊಂಡಿಗೂ, ಒಂದೊಂದು ಸಾಲು ಬರುತ್ತದೆ. ‘ಎಲ್‌ಒ’ ಎನ್ನುವುದು ಯಂತ್ರ ತನ್ನೊಂದಿಗೇ ಮಾತಾಡುವ ಲೂಪ್‌ಬ್ಯಾಕ್. ಅದರ ಮುಂದೆ ‘ಅನ್‌ನೋನ್’ ಎಂದಿರುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ, ಅದು ಇರುವುದೇ ಹಾಗೆ. ‘ಇಎನ್’ ಎಂದು ಶುರುವಾಗುವುದು ಕೇಬಲ್, ‘ಡಬ್ಲ್ಯುಎಲ್’ ಎಂದು ಶುರುವಾಗುವುದು ವೈಫೈ. ನೀವು ಬಳಸುತ್ತಿರುವುದರ ಮುಂದೆ ‘ಅಪ್’ ಎಂದಿರಬೇಕು, ಅದರ ಪಕ್ಕದಲ್ಲಿ ಒಂದು ಐಪಿ ವಿಳಾಸ ಇರಬೇಕು. ಮನೆಯ ಜಾಲಗಳಲ್ಲಿ ಅದು ಸಾಮಾನ್ಯವಾಗಿ 192.168 ಅಥವಾ 10 ಎಂದು ಶುರುವಾಗುತ್ತದೆ.

ವಿಳಾಸ 169.254 ಎಂದು ಶುರುವಾದರೆ, ಅಥವಾ ‘ಎಫ್‌ಇ80’ ಎಂದು ಶುರುವಾಗುವ ಒಂದು ಉದ್ದನೆಯ ವಿಳಾಸ ಬಿಟ್ಟು ಬೇರೇನೂ ಇಲ್ಲದಿದ್ದರೆ, ರೌಟರಿನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ಇವೆರಡೂ ಯಂತ್ರ ತನಗೆ ತಾನೇ ಕೊಟ್ಟುಕೊಂಡ ವಿಳಾಸಗಳು. ‘ಡೌನ್’ ಎಂದಿದ್ದರೆ ‘ಐಪಿ ಲಿಂಕ್’ ನೋಡಿ. ಅಲ್ಲಿ ‘ನೋ-ಕ್ಯಾರಿಯರ್’ ಎಂಬ ಮಾತು ಕಂಡರೆ ಸಾಫ್ಟ್‌ವೇರ್ ತಂಟೆಗೆ ಹೋಗಬೇಡಿ, ಎದ್ದು ಹೋಗಿ ಕೇಬಲ್ ನೋಡಿ. ಒಮ್ಮೆ ನಾನು ಒಂದು ಗಂಟೆ ಡ್ರೈವರ್ ಹುಡುಕಿ, ಕರ್ನಲ್ (ಲಿನಕ್ಸಿನ ತಿರುಳು) ಆವೃತ್ತಿ ಬದಲಿಸಿ, ಕೊನೆಗೆ ಮೇಜಿನ ಕೆಳಗೆ ಬಗ್ಗಿದಾಗ ಕೇಬಲ್ ಅರ್ಧ ಹೊರಗಿತ್ತು. ಉತ್ತರ ಮೊದಲ ನಿಮಿಷದಲ್ಲೇ ಪರದೆಯ ಮೇಲಿತ್ತು, ನಾನು ಓದಿರಲಿಲ್ಲ.

ವೈಫೈ ಆದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಿ. ‘ಸಾಫ್ಟ್ ಬ್ಲಾಕ್ಡ್’ ಎದುರು ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಇದ್ದರೆ ಲ್ಯಾಪ್‌ಟಾಪಿನ ಮೇಲೆಯೇ ಎಲ್ಲೋ ಒಂದು ಗುಂಡಿ ಅಥವಾ ಕೀ ಇದೆ, ಅದನ್ನು ಹುಡುಕಬೇಕು. ನೆಟ್‌ವರ್ಕ್‌ಮ್ಯಾನೇಜರ್ ಎಂಬ ಪ್ರೋಗ್ರಾಮ್ ಇರುವ ವಿತರಣೆಗಳಲ್ಲಿ (ಉಬುಂಟು, ಫೆಡೊರಾದಂಥ ಲಿನಕ್ಸ್ ರೂಪಗಳಲ್ಲಿ) ‘ಎನ್‌ಎಂಸಿಎಲ್‌ಐ ಡಿವೈಸ್ ಸ್ಟೇಟಸ್’ ಯಾವ ಸಾಧನ ಯಾವ ಸ್ಥಿತಿಯಲ್ಲಿದೆ ಎಂದು ಒಂದೇ ನೋಟಕ್ಕೆ ತೋರಿಸುತ್ತದೆ. ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಸುತ್ತಮುತ್ತಲಿನ ವೈಫೈಗಳನ್ನು ಸಿಗ್ನಲ್ ಬಲದ ಸಮೇತ ಪಟ್ಟಿ ಮಾಡುತ್ತದೆ.

ಕೇಬಲ್ ಹಾಕಿದ್ದರೂ ಫೈಲ್ ನಕಲು ನಿಧಾನ ಎನಿಸಿದರೆ ‘ಸುಡೊ ಈಥ್‌ಟೂಲ್’ ಎಂದು ಬರೆದು ಇಂಟರ್‌ಫೇಸ್ ಹೆಸರು ಕೊಡಿ. ‘ಸ್ಪೀಡ್’ ಎಂಬಲ್ಲಿ 1000 ಇರಬೇಕಾದ ಕಡೆ 100 ಕಂಡರೆ ಮೊದಲ ಅನುಮಾನ ಕೇಬಲ್ ಮೇಲೆಯೇ ಇರಲಿ. ಗಿಗಾಬಿಟ್ ವೇಗಕ್ಕೆ ಕೇಬಲಿನೊಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಉಳಿದೆರಡು ಜೋಡಿಗಳಲ್ಲಿ ಒಂದು ತಂತಿ ಮುರಿದರೆ ಸಾಮಾನ್ಯವಾಗಿ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ ಹತ್ತರಲ್ಲೊಂದು ವೇಗಕ್ಕೆ ಇಳಿಯುತ್ತದೆ.

ಹಳೆಯ ಲೇಖನಗಳಲ್ಲಿ ಇದಕ್ಕೆಲ್ಲ ‘ಐಎಫ್‌ಕಾನ್ಫಿಗ್’, ‘ನೆಟ್‌ಸ್ಟ್ಯಾಟ್’ ಎಂದಿರುತ್ತದೆ. ಅವು ನೆಟ್-ಟೂಲ್ಸ್ ಎಂಬ ಹಳೆಯ ಪ್ಯಾಕೇಜಿನವು. ಈಗಿನ ಅನೇಕ ವಿತರಣೆಗಳಲ್ಲಿ ಅವು ತಾವಾಗಿ ಬರುವುದಿಲ್ಲ, ಹಾಕಿಕೊಳ್ಳುವ ಅಗತ್ಯವೂ ಇಲ್ಲ. ‘ಐಪಿ’ ಮತ್ತು ‘ಎಸ್‌ಎಸ್’ ಅವುಗಳ ಜಾಗಕ್ಕೆ ಬಂದಿವೆ.

ಎರಡನೆಯದು: ಬಾಗಿಲು ಎಲ್ಲಿದೆ, ಅಲ್ಲಿಯವರೆಗೆ ಹೋಗಲಾಗುತ್ತಿದೆಯೇ?

‘ಐಪಿ ಆರ್’ ಎಂದರೆ ದಾರಿಗಳ ಪಟ್ಟಿ ಬರುತ್ತದೆ. ‘ಡೀಫಾಲ್ಟ್ ವಯಾ’ ಎಂಬ ಸಾಲಿನಲ್ಲಿರುವ ವಿಳಾಸವೇ ಗೇಟ್‌ವೇ, ಅಂದರೆ ನಿಮ್ಮ ರೌಟರ್. ಆ ಸಾಲೇ ಇಲ್ಲದಿದ್ದರೆ ಹೊರಗೆ ಹೋಗಲು ದಾರಿಯೇ ಇಲ್ಲ. ಎರಡು ಡೀಫಾಲ್ಟ್ ಸಾಲುಗಳಿದ್ದರೆ ‘ಮೆಟ್ರಿಕ್’ ಸಂಖ್ಯೆ ಕಡಿಮೆ ಇರುವುದು ಗೆಲ್ಲುತ್ತದೆ. ವಿಪಿಎನ್ ಬಳಸುವವರಿಗೆ ಇಲ್ಲೊಂದು ಒಳ್ಳೆಯ ಉಪಾಯವಿದೆ: ‘ಐಪಿ ರೂಟ್ ಗೆಟ್ 1.1.1.1’ ಎಂದು ಕೇಳಿದರೆ ಆ ವಿಳಾಸಕ್ಕೆ (ಅದು ಕ್ಲೌಡ್‌ಫ್ಲೇರ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್) ಹೋಗುವ ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ಕಟ್ಟು, ಯಾವ ಇಂಟರ್‌ಫೇಸಿನಿಂದ ಹೊರಡುತ್ತದೆ ಎಂದು ಕರ್ನಲ್ಲೇ ಹೇಳುತ್ತದೆ. ವಿಪಿಎನ್ ಮುಚ್ಚಿದ ಮೇಲೂ ಅದರ ದಾರಿ ಉಳಿದುಕೊಂಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಈಗ ಗೇಟ್‌ವೇಗೆ ‘ಪಿಂಗ್ -ಸಿ 4’ ಕಳುಹಿಸಿ. ಮೈಕ್ ಮೂಸ್ ಎಂಬಾತ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಮ್ ಇದು. ಜಲಾಂತರ್ಗಾಮಿಯ ಸೋನಾರ್ ಸದ್ದು ಹೋಗಿ ಬಡಿದು ಮರಳುವ ದನಿಯಿಂದ ಹೆಸರು ಬಂತು, ಮಾಡುವ ಕೆಲಸವೂ ಅದೇ. ಉತ್ತರ ಬಂದರೆ ಯಂತ್ರದಿಂದ ರೌಟರಿನವರೆಗಿನ ದಾರಿ ಸರಿಯಿದೆ.

ಬಂದೂ ಬಾರದ ಹಾಗಿರುವ ನೆಟ್ ಆದರೆ ನಾಲ್ಕು ಪಿಂಗ್ ಸಾಲದು. ಗೇಟ್‌ವೇಗೇ ‘ಪಿಂಗ್ -ಸಿ 100 -ಐ 0.2’ ಕೊಟ್ಟು ಕೊನೆಯ ಎರಡು ಸಾಲು ನೋಡಿ. ‘ಪ್ಯಾಕೆಟ್ ಲಾಸ್’ ಸೊನ್ನೆ ಇರಬೇಕು. ಸರಾಸರಿ ಸಮಯ ಕೇಬಲಿನಲ್ಲಿ ಒಂದು ಮಿಲಿಸೆಕೆಂಡಿನ ಆಸುಪಾಸು, ವೈಫೈನಲ್ಲಿ ಕೆಲವು ಮಿಲಿಸೆಕೆಂಡು ಇರುತ್ತದೆ. ಹೊರಜಗತ್ತಿನ ಮಾತಿರಲಿ, ಪಕ್ಕದ ಕೋಣೆಯ ರೌಟರಿಗೇ ನೂರರಲ್ಲಿ ಏಳು ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ಸಂಪರ್ಕ ಕೊಟ್ಟವರಿಗೆ ದೂರು ಕೊಟ್ಟು ಪ್ರಯೋಜನವಿಲ್ಲ. ವೈಫೈ ಸಿಗ್ನಲ್ ನೋಡಿ, ಚಾನೆಲ್ ಬದಲಿಸಿ, ಇಲ್ಲವೇ ಒಂದು ಕೇಬಲ್ ಹಾಕಿ ಇದೇ ಪರೀಕ್ಷೆ ಮತ್ತೆ ಮಾಡಿ.

ಮೂರನೆಯದು: ಹೊರಗೆ, ಆದರೆ ಹೆಸರಿಲ್ಲದೆ

‘ಪಿಂಗ್ -ಸಿ 4 1.1.1.1’. ಇಲ್ಲಿ ಬೇಕೆಂದೇ ಹೆಸರಿನ ಬದಲು ಅಂಕಿ ಬಳಸುತ್ತಿದ್ದೇವೆ, ಡಿಎನ್‌ಎಸ್ ನಡುವೆ ಬರಬಾರದೆಂದು. ಉತ್ತರ ಬಂತೋ, ಅಂತರ್ಜಾಲ ಇದೆ. ಬರದಿದ್ದರೆ ಗೂಗಲ್‌ನ 8.8.8.8ಕ್ಕೂ ಪ್ರಯತ್ನಿಸಿ, ಯಾಕೆಂದರೆ ಪಿಂಗ್‌ಗೆ ಉತ್ತರಿಸಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ಒಬ್ಬರು ಸುಮ್ಮನಿದ್ದ ಮಾತ್ರಕ್ಕೆ ಜಾಲವೇ ಸತ್ತಿದೆ ಎನ್ನಲಾಗದು. ಗೇಟ್‌ವೇ ಉತ್ತರಿಸಿ, ಇವೆರಡೂ ಸುಮ್ಮನಿದ್ದರೆ ಆಗ ರೌಟರಿನ ಕಡೆ ತಿರುಗಿ. ಆಫ್ ಮಾಡಿ ಆನ್ ಮಾಡುವುದಕ್ಕೆ ಈಗ ಅರ್ಥವಿದೆ.

ನಾಲ್ಕನೆಯದು: ಹೆಸರುಗಳು

ವಿಳಾಸಕ್ಕೆ ಪಿಂಗ್ ಹೋಗುತ್ತದೆ, ಜಾಲತಾಣ ಮಾತ್ರ ತೆರೆಯುವುದಿಲ್ಲ, ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎಂಬ ಸಾಲು ಬರುತ್ತದೆ. ಇದು ಡಿಎನ್‌ಎಸ್. ನನ್ನ ಅನುಭವದಲ್ಲಿ ‘ನೆಟ್ ಬರ್ತಿಲ್ಲ’ಗಳಲ್ಲಿ ದೊಡ್ಡ ಪಾಲು ಇದರದೇ.

‘ಡಿಗ್’ ಎಂದು ಬರೆದು ಜಾಲತಾಣದ ಹೆಸರು ಕೊಡಿ. ಕಮಾಂಡ್ ಸಿಗದಿದ್ದರೆ ಡೆಬಿಯನ್‌ನಲ್ಲಿ ‘ಬೈಂಡ್9-ಡಿಎನ್‌ಎಸ್‌ಯುಟಿಲ್ಸ್’, ಫೆಡೊರಾದಲ್ಲಿ ‘ಬೈಂಡ್-ಯುಟಿಲ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ಉತ್ತರದ ಮೇಲ್ಭಾಗದಲ್ಲಿ ‘ಸ್ಟೇಟಸ್’ ಎಂಬ ಪದ ಇರುತ್ತದೆ, ಎಲ್ಲಕ್ಕಿಂತ ಮೊದಲು ಅದನ್ನು ನೋಡಿ. ‘ನೋಎರರ್’ ಆದರೆ ಸರ್ವರ್ ದೋಷವಿಲ್ಲದೆ ಉತ್ತರಿಸಿದೆ. ‘ಎನ್‌ಎಕ್ಸ್‌ಡೊಮೈನ್’ ಆದರೆ ಆ ಹೆಸರೇ ಇಲ್ಲ. ಮುಕ್ಕಾಲು ಪಾಲು ಕಾಗುಣಿತದ ತಪ್ಪು. ‘ಸರ್ವ್‌ಫೇಲ್’ ಆದರೆ ಹೆಸರಿರಬಹುದು, ಆದರೆ ನೀವು ಕೇಳಿದ ಸರ್ವರಿಗೆ ಉತ್ತರ ತರಲಾಗಲಿಲ್ಲ. ಆಗ ಅದೇ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಿ: ಹೆಸರಿನ ಹಿಂದೆ ‘@1.1.1.1’ ಸೇರಿಸಿ. ಅಲ್ಲಿ ಉತ್ತರ ಬಂದು ನಿಮ್ಮ ಮಾಮೂಲಿ ಸರ್ವರಿನಲ್ಲಿ ಬಾರದಿದ್ದರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತಲ್ಲ.

ಮಾಮೂಲಿ ಸರ್ವರ್ ಯಾವುದು ಎನ್ನುವುದೇ ಇತ್ತೀಚೆಗೆ ಒಗಟಾಗಿದೆ. ‘/ಇಟಿಸಿ/ರೆಸಾಲ್ವ್.ಕಾನ್ಫ್’ (ಇಲ್ಲಿ ‘ರೆಸಾಲ್ವ್’ನ ಕೊನೆಯ ಇ ಬರೆಯಬಾರದು) ಎಂಬ ಫೈಲ್ ತೆರೆದರೆ ಅನೇಕ ಯಂತ್ರಗಳಲ್ಲಿ 127.0.0.53 ಎಂದಿರುತ್ತದೆ. ಅದು ಹೊರಗಿನ ಸರ್ವರ್ ಅಲ್ಲ, ನಿಮ್ಮ ಯಂತ್ರದೊಳಗೇ ಕುಳಿತಿರುವ ಸಿಸ್ಟಮ್‌ಡಿ-ರೆಸಾಲ್ವ್‌ಡಿ ಎಂಬ ಮಧ್ಯವರ್ತಿ. ಆತ ಯಾರನ್ನು ಕೇಳುತ್ತಾನೆ ಎಂದು ತಿಳಿಯಲು ‘ರೆಸಾಲ್ವ್‌ಸಿಟಿಎಲ್ ಸ್ಟೇಟಸ್’. ಆತ ನೆನಪಿಟ್ಟುಕೊಂಡಿರುವ ಹಳೆಯ ಉತ್ತರಗಳನ್ನು ಅಳಿಸಲು ‘ರೆಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಷಸ್’.

ಇನ್ನೊಂದು ಬಲೆ ಇದೆ, ನಾನೇ ಬಿದ್ದದ್ದು. ಡಿಗ್ ಸರಿಯಾದ ವಿಳಾಸ ತೋರಿಸುತ್ತದೆ, ಬ್ರೌಸರ್ ಮಾತ್ರ ಬೇರೆಲ್ಲಿಗೋ ಹೋಗುತ್ತದೆ. ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ‘/ಇಟಿಸಿ/ಹೋಸ್ಟ್ಸ್’ ಫೈಲನ್ನು ನೋಡುವುದಿಲ್ಲ. ಉಳಿದ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಮೊದಲು ಆ ಫೈಲನ್ನೇ ನೋಡುತ್ತವೆ. ಅವು ಕಾಣುವ ಉತ್ತರ ಬೇಕಿದ್ದರೆ ‘ಗೆಟ್‌ಎಂಟ್ ಹೋಸ್ಟ್ಸ್’ ಎಂದು ಬರೆದು ಹೆಸರು ಕೊಡಿ. ಎರಡೂ ಬೇರೆಬೇರೆ ಬಂದರೆ ಹೋಸ್ಟ್ಸ್ ಫೈಲ್ ತೆರೆದು ನೋಡಿ. ಎಂದೋ ಪರೀಕ್ಷೆಗೆಂದು ಸೇರಿಸಿ ಮರೆತ ನನ್ನದೇ ಸಾಲೊಂದು ಎರಡು ವರ್ಷದ ನಂತರ ಹೀಗೆ ಎದುರಾಗಿತ್ತು.

ಐದನೆಯದು: ತಲುಪಿದೆ, ಆದರೆ ಬಾಗಿಲು ತೆರೆಯುತ್ತಿಲ್ಲ

ಈ ಹೆಜ್ಜೆಯಲ್ಲಿ ಯಂತ್ರ ಕೊಡುವ ದೋಷದ ಮಾತೇ ಅರ್ಧ ಉತ್ತರ. ಎಲ್ಲವನ್ನೂ ‘ಏನೋ ಎರರ್ ಬಂತು’ ಎಂದು ಒಂದೇ ಗಂಟಿಗೆ ಕಟ್ಟಬೇಡಿ.

‘ಕನೆಕ್ಷನ್ ರೆಫ್ಯೂಸ್ಡ್’ ಒಂದು ರೀತಿಯಲ್ಲಿ ಸಿಹಿಸುದ್ದಿ. ನಿಮ್ಮ ಪ್ಯಾಕೆಟ್ ಅಲ್ಲಿಯವರೆಗೆ ಹೋಗಿದೆ, ಆ ಯಂತ್ರ ಜೀವಂತವಾಗಿದೆ, ಆದರೆ ನೀವು ತಟ್ಟಿದ ಪೋರ್ಟಿನಲ್ಲಿ (ಒಂದೊಂದು ಸರ್ವಿಸಿಗೂ ಇರುವ ಸಂಖ್ಯೆಯ ಬಾಗಿಲಿನಲ್ಲಿ) ಯಾರೂ ಇಲ್ಲ. ಹೆಚ್ಚಿನ ಸಲ ಸರ್ವಿಸ್ ಓಡುತ್ತಿಲ್ಲ, ಇಲ್ಲವೇ ಪೋರ್ಟ್ ಸಂಖ್ಯೆ ತಪ್ಪಿದೆ. ‘ಕನೆಕ್ಷನ್ ಟೈಮ್ಡ್ ಔಟ್’ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ: ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಯಾವ ಪ್ಯಾಕೆಟ್ ಒಳಬರಬೇಕು ಎಂದು ಕಾಯುವ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಬಿಸಾಡಿದಾಗ, ಅಥವಾ ಆ ವಿಳಾಸದಲ್ಲಿ ಯಾರೂ ಇಲ್ಲದಾಗ ಹೀಗಾಗುತ್ತದೆ. ‘ನೋ ರೂಟ್ ಟು ಹೋಸ್ಟ್’ ನಿಮ್ಮದೇ ಜಾಲದ ಯಂತ್ರಕ್ಕೆ ಬಂದರೆ ಅದು ಆರಿರಬಹುದು; ಆದರೆ ಪಿಂಗ್ ಹೋಗುತ್ತಿದ್ದೂ ಈ ಮಾತು ಬಂದರೆ ಆ ಕಡೆಯ ಫೈರ್‌ವಾಲ್ ಬಾಯಿಬಿಟ್ಟು ನಿರಾಕರಿಸುತ್ತಿದೆ.

ಒಂದು ಪೋರ್ಟನ್ನಷ್ಟೇ ತಟ್ಟಿ ನೋಡಲು ‘ಎನ್‌ಸಿ -ಜೆಡ್‌ವಿ’ ಎಂದು ಬರೆದು ವಿಳಾಸ ಮತ್ತು ಪೋರ್ಟ್ ಸಂಖ್ಯೆ ಕೊಡಿ. ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ಸುರಕ್ಷಿತ ಜಾಲತಾಣಕ್ಕೆ 443, ಮುದ್ರಣಕ್ಕೆ 631.

ಸರ್ವರ್ ನಿಮ್ಮದೇ ಆಗಿದ್ದರೆ ಅಲ್ಲಿ ಹೋಗಿ ‘ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್’ ಬರೆಯಿರಿ. ಯಾವ ಪ್ರೋಗ್ರಾಮ್ ಯಾವ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿದೆ ಎಂಬ ಪೂರ್ತಿ ಪಟ್ಟಿ ಬರುತ್ತದೆ. ಅದರಲ್ಲಿ ವಿಳಾಸದ ಕಾಲಂ ಗಮನಿಸಿ. 127.0.0.1:8080 ಎಂದಿದ್ದರೆ ಆ ಪ್ರೋಗ್ರಾಮ್ ತನ್ನದೇ ಯಂತ್ರದ ಮಾತನ್ನು ಮಾತ್ರ ಕೇಳುತ್ತದೆ. 0.0.0.0:8080 ಎಂದಿದ್ದರೆ ಹೊರಗಿನವರನ್ನೂ ಕೇಳುತ್ತದೆ. ‘ಸರ್ವರಿನಲ್ಲೇ ಕುಳಿತು ತೆರೆದರೆ ಬರುತ್ತದೆ, ಬೇರೆ ಕಂಪ್ಯೂಟರಿನಿಂದ ಬರುವುದಿಲ್ಲ’ ಎಂಬ ದೂರಿಗೆ ಅರ್ಧದಷ್ಟು ಸಲ ಈ ಒಂದೇ ಕಾಲಂ ಕಾರಣ. ಫೈರ್‌ವಾಲ್ ತಡಕಾಡುವ ಮುಂಚೆ ಇದನ್ನು ನೋಡಿ. ಜೊತೆಗೆ, ನಿಮ್ಮ ಡೇಟಾಬೇಸ್ 0.0.0.0ದಲ್ಲಿ ಕುಳಿತಿದೆಯೇ ಎಂದೂ ನೋಡಿಕೊಳ್ಳಿ. ಅದು ಹೊರಗಿನವರಿಗೆ ಕಾಣಬೇಕಾದ ಕಾರಣ ಸಾಮಾನ್ಯವಾಗಿ ಇರುವುದಿಲ್ಲ.

ಫೈರ್‌ವಾಲ್ ಉಬುಂಟುವಿನಲ್ಲಿ ‘ಯುಎಫ್‌ಡಬ್ಲ್ಯು’, ಫೆಡೊರಾದಲ್ಲಿ ‘ಫೈರ್‌ವಾಲ್‌ಡಿ’. ದೂರದ ಯಂತ್ರದಲ್ಲಿ ಇದನ್ನು ಮುಟ್ಟುವಾಗ ಎಚ್ಚರ. ಎಸ್‌ಎಸ್‌ಎಚ್‌ಗೆ ಅನುಮತಿ ಕೊಡದೆ ಯುಎಫ್‌ಡಬ್ಲ್ಯು ಚಾಲೂ ಮಾಡಿ ನನ್ನನ್ನು ನಾನೇ ಹೊರಗೆ ಹಾಕಿಕೊಂಡಿದ್ದೇನೆ. ಕುಳಿತ ಕೊಂಬೆಯನ್ನೇ ಕಡಿದ ಹಾಗೆ. ಮೊದಲು ‘ಸುಡೊ ಯುಎಫ್‌ಡಬ್ಲ್ಯು ಅಲೌ ಎಸ್‌ಎಸ್‌ಎಚ್’, ನಂತರ ಉಳಿದದ್ದು. ಇನ್ನೂ ಧೈರ್ಯ ಸಾಲದಿದ್ದರೆ ಸಂಪರ್ಕ ಕಡಿದರೂ ಓಡುತ್ತಲೇ ಇರುವ ‘ಟಿಮಕ್ಸ್’ನ ಒಳಗೆ ರೂಟ್ (ನಿರ್ವಾಹಕ) ಆಗಿ ‘ಸ್ಲೀಪ್ 300 && ಯುಎಫ್‌ಡಬ್ಲ್ಯು ಡಿಸೇಬಲ್’ ಎಂದು ಓಡಿಸಿಟ್ಟು, ಇನ್ನೊಂದು ಕಿಟಕಿಯಲ್ಲಿ ನಿಯಮ ಬದಲಿಸಿ. ಬಾಗಿಲು ಹಾಕಿಕೊಂಡರೂ ಐದು ನಿಮಿಷಕ್ಕೆ ತಾನಾಗಿ ತೆರೆಯುತ್ತದೆ. ಎಲ್ಲ ಸರಿಹೋದರೆ ಆ ಮೊದಲ ಸಾಲನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ.

ಪೋರ್ಟ್ ತೆರೆದಿದೆ, ಪುಟ ಮಾತ್ರ ಬರುತ್ತಿಲ್ಲ ಎಂದರೆ ‘ಕರ್ಲ್ -ವಿ’ ಎಂದು ಬರೆದು ಜಾಲವಿಳಾಸ ಕೊಡಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಈ ಹೆಸರಿನಲ್ಲಿ ನಡೆಸಿಕೊಂಡು ಬಂದಿರುವ ಸಾಧನ. ಹೆಸರು ಹುಡುಕಿದ್ದು, ಸಂಪರ್ಕ ಕೂಡಿದ್ದು, ಜಾಲತಾಣದ ಗುರುತುಪತ್ರವಾದ ಸರ್ಟಿಫಿಕೇಟ್ ಪರೀಕ್ಷಿಸಿದ್ದು, ಸರ್ವರ್ ಉತ್ತರಿಸಿದ್ದು ಎಲ್ಲವನ್ನೂ ಸಾಲುಸಾಲಾಗಿ ಹೇಳುತ್ತದೆ. ಎಲ್ಲಿ ನಿಂತಿತೋ ಅಲ್ಲೇ ತೊಂದರೆ.

ಸರ್ಟಿಫಿಕೇಟ್ ಹಂತದಲ್ಲಿ, ಅದೂ ಎಲ್ಲ ಜಾಲತಾಣಗಳಿಗೂ ನಿಂತರೆ ‘ಟೈಮ್‌ಡೇಟ್‌ಸಿಟಿಎಲ್’ ನೋಡಿ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತ ಹಳೆಯ ಯಂತ್ರ ಹಲವು ವರ್ಷ ಹಿಂದಿನ ತಾರೀಖಿನಲ್ಲಿ ಎದ್ದೇಳುತ್ತದೆ. ಇಂದಿನ ಸರ್ಟಿಫಿಕೇಟ್ ಅದಕ್ಕೆ ಇನ್ನೂ ಹುಟ್ಟೇ ಇಲ್ಲ.

ದಾರಿಯ ನಡುವೆ

‘ಎಂಟಿಆರ್’ ಪಿಂಗ್ ಮತ್ತು ಟ್ರೇಸ್‌ರೂಟ್ ಎರಡನ್ನೂ ಸೇರಿಸಿದ ಸಾಧನ. ಪ್ರತಿ ಪ್ಯಾಕೆಟಿಗೂ ಟಿಟಿಎಲ್ ಎಂಬ ಒಂದು ಅಂಕಿ ಇರುತ್ತದೆ. ಪ್ರತಿ ರೌಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದಾಗ ಪ್ಯಾಕೆಟನ್ನು ಬಿಸಾಡಿ ಕಳುಹಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಟಿಟಿಎಲ್ ಒಂದು, ಎರಡು, ಮೂರು ಎಂದು ಏರಿಸುತ್ತಾ ಕಳುಹಿಸಿದರೆ ದಾರಿಯಲ್ಲಿರುವ ರೌಟರುಗಳು ಒಬ್ಬೊಬ್ಬರಾಗಿ ತಮ್ಮ ವಿಳಾಸ ತಾವೇ ಹೇಳಿಬಿಡುತ್ತವೆ. ವಾನ್ ಜೇಕಬ್‌ಸನ್ ಟ್ರೇಸ್‌ರೂಟ್‌ನಲ್ಲಿ ಬಳಸಿದ ಈ ಉಪಾಯ ನನಗೆ ಈಗಲೂ ಸೋಜಿಗ.

ಎಂಟಿಆರ್ ಓದುವಾಗ ಬಹಳ ಜನ ಎಡವುವುದು ಒಂದೇ ಕಡೆ. ನಡುವಿನ ಐದನೇ ಸಾಲಿನಲ್ಲಿ ‘ಲಾಸ್ 60%’ ಎಂದು ಕಂಡ ಕೂಡಲೇ ಕಳ್ಳ ಸಿಕ್ಕ ಎಂದುಕೊಳ್ಳುತ್ತಾರೆ. ಆದರೆ ರೌಟರುಗಳಿಗೆ ಇಂಥ ಸುದ್ದಿ ಮುಟ್ಟಿಸುವುದು ಬಿಡುವಿನ ಕೆಲಸ. ಎಷ್ಟೋ ರೌಟರು ಬೇಕೆಂದೇ ಮಿತಿ ಹಾಕಿಕೊಂಡಿರುತ್ತವೆ. ಕೊನೆಯ ಸಾಲಿನಲ್ಲಿ ಲಾಸ್ ಸೊನ್ನೆ ಇದ್ದರೆ ನಡುವಿನ 60 ಲೆಕ್ಕಕ್ಕಿಲ್ಲ. ಒಂದು ಸಾಲಿನಿಂದ ಶುರುವಾಗಿ ಕೊನೆಯವರೆಗೂ ಉಳಿದುಕೊಂಡರೆ ಮಾತ್ರ ಚಿಂತೆ.

ಇನ್ನೊಂದು ವಿಚಿತ್ರ ರೋಗವಿದೆ. ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಅರ್ಧ ಶುರುವಾಗಿ ನಿಲ್ಲುತ್ತದೆ, ಚಿಕ್ಕ ಪುಟಗಳು ಬರುತ್ತವೆ, ದೊಡ್ಡವು ಸುತ್ತುತ್ತಲೇ ಇರುತ್ತವೆ. ಹೆಚ್ಚಾಗಿ ವಿಪಿಎನ್ ಇದ್ದಾಗ. ಇದು ಎಂಟಿಯು ತೊಂದರೆ: ದಾರಿಯಲ್ಲಿ ಎಲ್ಲೋ ಬಾಗಿಲು ಸಣ್ಣದಿದೆ, ದೊಡ್ಡ ಪ್ಯಾಕೆಟ್ ಹಾಯುವುದಿಲ್ಲ. ಈಥರ್ನೆಟ್‌ನ ಮಾಮೂಲಿ ಅಳತೆ 1500 ಬೈಟ್. ಅದರಲ್ಲಿ ಐಪಿ ತಲೆಬರಹಕ್ಕೆ 20, ಪಿಂಗ್ ಬಳಸುವ ಐಸಿಎಂಪಿಯ ತಲೆಬರಹಕ್ಕೆ 8 ಕಳೆದರೆ 1472 ಉಳಿಯುತ್ತದೆ. ‘ಪಿಂಗ್ -ಎಂ ಡೊ -ಎಸ್ 1472’ ಎಂದು ಬರೆದು ವಿಳಾಸ ಕೊಡಿ. ಇಲ್ಲಿ ಎಂ ದೊಡ್ಡಕ್ಷರ, ಅದರ ಅರ್ಥ ಪ್ಯಾಕೆಟನ್ನು ತುಂಡು ಮಾಡಬೇಡ ಎಂದು. ಹೋಗದಿದ್ದರೆ 1464, 1400, 1350 ಎಂದು ಇಳಿಸುತ್ತಾ ಬನ್ನಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಕೂಡುವ ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಹೋಗುವುದರಿಂದ 1464ಕ್ಕೆ ನಿಲ್ಲುವುದು ಸಹಜ. ಹಾದುಹೋದ ಸಂಖ್ಯೆಗೆ 28 ಕೂಡಿಸಿದರೆ ಸಿಗುವುದೇ ನಿಮ್ಮ ದಾರಿಯ ಎಂಟಿಯು. ‘ಸುಡೊ ಐಪಿ ಲಿಂಕ್ ಸೆಟ್ ಡೆವ್’ ಎಂದು ಬರೆದು, ಇಂಟರ್‌ಫೇಸ್ ಹೆಸರು, ‘ಎಂಟಿಯು’ ಎಂಬ ಪದ, ಆ ಸಂಖ್ಯೆ ಕೊಟ್ಟು ನೋಡಿ. ಯಂತ್ರ ಮರಳಿ ಚಾಲೂ ಮಾಡಿದರೆ ಈ ಬದಲಾವಣೆ ಅಳಿದುಹೋಗುತ್ತದೆ, ಹಾಗಾಗಿ ಪ್ರಯೋಗಕ್ಕೆ ಹೆದರಬೇಕಿಲ್ಲ.

ಇದಕ್ಕೂ ಬಗ್ಗದಿದ್ದರೆ ಟಿಸಿಪಿಡಂಪ್, ವೈರ್‌ಶಾರ್ಕ್ ಇವೆ. ಅವು ಪ್ಯಾಕೆಟುಗಳನ್ನೇ ಬಿಚ್ಚಿ ತೋರಿಸುತ್ತವೆ. ಅವುಗಳಿಗೆ ಬೇರೆಯದೇ ಲೇಖನ ಬೇಕು. ಯಾವ ಯಂತ್ರದಲ್ಲಿ ಯಾವ ಪೋರ್ಟ್ ತೆರೆದಿದೆ ಎಂದು ಜಾಲವನ್ನೆಲ್ಲ ತಡಕುವ ಎನ್‌ಮ್ಯಾಪ್ ಬಗ್ಗೆ ಒಂದೇ ಮಾತು: ನಿಮ್ಮದಲ್ಲದ ಜಾಲದ ಮೇಲೆ ಅನುಮತಿ ಇಲ್ಲದೆ ಓಡಿಸಬೇಡಿ.

ನೆಟ್ ಸರಿಯಿದೆ, ಯಂತ್ರವೇ ತೆವಳುತ್ತಿದೆ

ಕ್ರಮ ಇಲ್ಲೂ ಅದೇ, ಊಹಿಸುವ ಮುಂಚೆ ಕೇಳುವುದು. ‘ಟಾಪ್’ ತೆರೆಯಿರಿ. ‘ಎಚ್‌ಟಾಪ್’ ಹಾಕಿಕೊಂಡರೆ ಕಣ್ಣಿಗೆ ಇನ್ನೂ ಹಿತ. ಮೇಲಿನ ‘ಲೋಡ್ ಆ್ಯವರೇಜ್’ನ ಮೂರು ಸಂಖ್ಯೆಗಳು ಕಳೆದ 1, 5, 15 ನಿಮಿಷಗಳವು. ‘ಎನ್‌ಪ್ರಾಕ್’ ಹೇಳುವ ಸಿಪಿಯು ಸಂಖ್ಯೆಯ ಜೊತೆ ಇಟ್ಟು ನೋಡಿದರೆ ಮಾತ್ರ ಇದಕ್ಕೆ ಅರ್ಥ. ಎಂಟು ಸಿಪಿಯು ಇರುವಲ್ಲಿ ಲೋಡ್ 4 ಆರಾಮ, ಎರಡು ಇರುವಲ್ಲಿ ಅದೇ 4 ಎಂದರೆ ಸಾಲು ನಿಂತಿದೆ. ಲೋಡ್ ಏರಿದ್ದೂ ಸಿಪಿಯು ಖಾಲಿ ಕುಳಿತಿದ್ದರೆ ಸಿಪಿಯು ಸಾಲಿನಲ್ಲಿ ‘ಡಬ್ಲ್ಯುಎ’ ನೋಡಿ. ಲಿನಕ್ಸ್ ಡಿಸ್ಕಿಗಾಗಿ ಕಾಯುತ್ತಿರುವ ಪ್ರೋಗ್ರಾಮ್‌ಗಳನ್ನೂ ಲೋಡಿನಲ್ಲಿ ಎಣಿಸುತ್ತದೆ. ಆಗ ತಪ್ಪು ಡಿಸ್ಕಿನದು. ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ’ ಎಂದು ಬರೆದು ಡಿಸ್ಕಿನ ಹೆಸರು ಕೊಟ್ಟು, ಹಾರ್ಡ್ ಡಿಸ್ಕ್ ಆದರೆ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸೊನ್ನೆ ಇದೆಯೇ ನೋಡಿ. ಸೊನ್ನೆ ಅಲ್ಲದಿದ್ದರೆ ಈ ಲೇಖನ ಅಲ್ಲಿಗೇ ನಿಲ್ಲಿಸಿ, ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ಮೆಮೊರಿಗೆ ‘ಫ್ರೀ -ಎಚ್’. ‘ಫ್ರೀ’ ಕಾಲಂ ನೋಡಿ ಹೌಹಾರಬೇಡಿ. ಖಾಲಿ ಬಿದ್ದಿರುವ ಮೆಮೊರಿಯನ್ನು ಲಿನಕ್ಸ್ ಫೈಲುಗಳ ಕ್ಯಾಷ್‌ಗೆ ಬಳಸಿಕೊಳ್ಳುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಕೊನೆಯ ‘ಅವೈಲಬಲ್’ ಕಾಲಂ. ಅದೂ ಕರಗಿದಾಗ ಕರ್ನಲ್ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಬ್ರೌಸರ್ ಇದ್ದಕ್ಕಿದ್ದ ಹಾಗೆ ಮಾಯವಾದರೆ ‘ಜರ್ನಲ್‌ಸಿಟಿಎಲ್ -ಕೆ’ಯಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಹುಡುಕಿ.

ಹಟ ಹಿಡಿದ ಪ್ರೋಗ್ರಾಮನ್ನು ನಿಲ್ಲಿಸಲು ‘ಕಿಲ್’ ಮತ್ತು ಅದರ ಪಿಐಡಿ ಸಂಖ್ಯೆ (ಟಾಪ್‌ನ ಮೊದಲ ಕಾಲಂನಲ್ಲಿರುತ್ತದೆ). ಇದು 15ನೇ ಸಿಗ್ನಲ್ ಕಳುಹಿಸುತ್ತದೆ, ಫೈಲುಗಳನ್ನು ಸರಿಯಾಗಿ ಮುಚ್ಚಿ ಹೊರಡಲು ಅವಕಾಶ ಕೊಡುತ್ತದೆ. ‘ಕಿಲ್ -9’ ಕತ್ತು ಹಿಡಿದು ದಬ್ಬುವುದು. ಅದನ್ನು ಮೊದಲೇ ಎತ್ತಿಕೊಳ್ಳಬೇಡಿ. ಸ್ಥಿತಿಯ ಕಾಲಂನಲ್ಲಿ ‘ಡಿ’ ಎಂದಿರುವ ಪ್ರೋಗ್ರಾಮ್ 9ಕ್ಕೂ ಸಾಮಾನ್ಯವಾಗಿ ಜಗ್ಗುವುದಿಲ್ಲ, ಕಾಯುತ್ತಿರುವ ಡಿಸ್ಕೋ ಜಾಲವೋ ಉತ್ತರಿಸುವವರೆಗೆ.

ಡಿಸ್ಕ್ ತುಂಬಿದೆ ಎಂಬ ಸಂದೇಶ ಬಂದರೆ ‘ಡಿಎಫ್ -ಎಚ್’ ಯಾವ ಭಾಗ ತುಂಬಿದೆ ಎಂದು ಹೇಳುತ್ತದೆ, ‘ಸುಡೊ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್’ ಯಾವ ಫೋಲ್ಡರ್ ಎಂದು ಹೇಳುತ್ತದೆ. ಆದರೆ ಕೆಲವೊಮ್ಮೆ ಎರಡಕ್ಕೂ ತಾಳೆಯಾಗುವುದಿಲ್ಲ: ಡಿಎಫ್ 50 ಜಿಬಿ ತುಂಬಿದೆ ಎಂದರೆ ಡಿಯು ಕೂಡಿಸಿ 20 ಎನ್ನುತ್ತದೆ. ದೊಡ್ಡ ಲಾಗ್ ಫೈಲನ್ನು ನೀವು ಅಳಿಸಿದ್ದೀರಿ, ಆದರೆ ಒಂದು ಪ್ರೋಗ್ರಾಮ್ ಅದನ್ನು ಇನ್ನೂ ತೆರೆದು ಹಿಡಿದಿದೆ. ಹೆಸರು ಹೋಯಿತು, ಜಾಗ ಹೋಗಲಿಲ್ಲ. ‘ಸುಡೊ ಎಲ್‌ಎಸ್‌ಒಎಫ್ +ಎಲ್1’ ಅಂಥ ಫೈಲುಗಳನ್ನೂ ಹಿಡಿದವರನ್ನೂ ತೋರಿಸುತ್ತದೆ. ಇಲ್ಲಿ +ನ ನಂತರದ ಎಲ್ ದೊಡ್ಡಕ್ಷರ. ಆ ಸರ್ವಿಸ್ ಮರಳಿ ಚಾಲೂ ಮಾಡಿದರೆ ಜಾಗ ವಾಪಸ್. ಡಿಎಫ್‌ನಲ್ಲಿ ಜಾಗ ಇದ್ದೂ ಫೈಲ್ ಬರೆಯಲಾಗುತ್ತಿಲ್ಲವೇ? ‘ಡಿಎಫ್ -ಐ’ ನೋಡಿ. ಲಕ್ಷಾಂತರ ಪುಟ್ಟ ಫೈಲುಗಳು ಐನೋಡ್‌ಗಳನ್ನು (ಫೈಲಿಗೊಂದರಂತೆ ಬೇಕಾಗುವ ದಾಖಲೆಗಳನ್ನು) ಮುಗಿಸಿರುತ್ತವೆ.

ಸರ್ವಿಸ್‌ಗಳು ಏನಾದವು ಎಂದು ತಿಳಿಯಲು ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’, ಒಂದು ಸರ್ವಿಸಿನ ಕತೆಗೆ ‘ಜರ್ನಲ್‌ಸಿಟಿಎಲ್ -ಯು’ ಮತ್ತು ಅದರ ಹೆಸರು. ಯಂತ್ರ ರಾತ್ರಿ ತಾನಾಗಿ ಆರಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -1 -ಪಿ ಎರರ್’ ಹಿಂದಿನ ಸಲದ ದೋಷಗಳನ್ನಷ್ಟೇ ಕೊಡುತ್ತದೆ. ಇಲ್ಲಿ ‘ಎರರ್’ ಅನ್ನು ಇ, ಆರ್, ಆರ್ ಎಂದು ಮೂರೇ ಅಕ್ಷರದಲ್ಲಿ ಬರೆಯಬೇಕು. ಏನೂ ಬರದಿದ್ದರೆ ‘/ವಾರ್/ಲಾಗ್/ಜರ್ನಲ್’ ಎಂಬ ಫೋಲ್ಡರ್ ಇದೆಯೇ ನೋಡಿ; ಅದು ಇಲ್ಲದ ಕಡೆ ಯಂತ್ರ ಆರಿದೊಡನೆ ಲಾಗ್ ಕೂಡ ಅಳಿಯುತ್ತದೆ.

ಇಷ್ಟಾದರೂ ಬಗೆಹರಿಯದೆ ಬೇರೆಯವರನ್ನು ಕೇಳಲು ಹೊರಟರೆ, ಪರದೆಯ ಫೋಟೊ ಬೇಡ, ಪಠ್ಯವನ್ನೇ ನಕಲು ಮಾಡಿ ಕೊಡಿ. ‘ಐಪಿ -ಬಿಆರ್ ಎ’, ‘ಐಪಿ ಆರ್’, ‘ರೆಸಾಲ್ವ್‌ಸಿಟಿಎಲ್ ಸ್ಟೇಟಸ್’ ಈ ಮೂರರ ಉತ್ತರ, ಯಾವ ಹೆಜ್ಜೆಯವರೆಗೆ ಸರಿಯಿತ್ತು ಎಂಬ ಒಂದು ಸಾಲು, ದೋಷದ ಮಾತು ಅಕ್ಷರಶಃ. ಸಾರ್ವಜನಿಕ ಐಪಿ ವಿಳಾಸ, ವೈಫೈ ಹೆಸರು, ಲಾಗ್‌ಗಳಲ್ಲಿ ನುಸುಳಿರುವ ಪಾಸ್‌ವರ್ಡ್‌ಗಳನ್ನು ಅಳಿಸಿ. 192.168 ಎಂದು ಶುರುವಾಗುವುದನ್ನು ಮರೆಮಾಡುವ ಅಗತ್ಯವಿಲ್ಲ, ಅದು ನಿಮ್ಮ ರೌಟರಿನ ಆಚೆಗೆ ಯಾರಿಗೂ ಯಾವ ಉಪಯೋಗಕ್ಕೂ ಬರುವುದಿಲ್ಲ.